ಮಹಾಲಕ್ಷ್ಮಿ ಕಾಗದ ಅಂಟಿಸಿದ ರೆಕ್ಕೆ

"ಮಹಾಲಕ್ಷ್ಮಿ ಕೈ ಬಹಳ ಹಗುರ ಕಣೆ, ರೆಕ್ಕೆಗೆ ಕಾಗದ ಅಂಟಿಸಿದ್ದೇ ಗೊತ್ತಾಗಲ್ಲ" ಎಂದು ನಿನ್ನೆ ಊಟಕ್ಕೆ ಕೂತಾಗ ಹೇಳಿದಿರಲ್ಲ, ನಿಮ್ಮ ರೇಡಿಯೋ ವಿಮಾನದ ಆ ರೆಕ್ಕೆ ಬೆಳಗಾಗುವುದರಲ್ಲಿ ತಿರುಚಿಕೊಂಡಿದೆ. ಎದುರು ಮನೆಯ ಹಗುರ ಕೈ ರೆಕ್ಕೆಯ ಮೇಲ್ಭಾಗದ ಕಾಗದಕ್ಕೆ ಮಾತ್ರ ನೀರು ಚಿಮುಕಿಸಿದೆ. ಅದು ಒಣಗುತ್ತಾ ಬಿಗಿದು ಒಳಗಿನ ಮರದ ಕಡ್ಡಿಗಳನ್ನು ಎಳೆದಿದೆ. ಮೇಲೆ ಕೆಳಗೆ ಎರಡೂ ಕಡೆ ಚಿಮುಕಿಸಿ, ಒಣಗುವವರೆಗೆ ಹಲಗೆಗೆ ಗುಂಡುಸೂಜಿ ಚುಚ್ಚಿ ಇಡಬೇಕೆಂದು ಮೂರು ರೆಕ್ಕೆ ಹಾಳು ಮಾಡಿ ಕಲಿತವಳು ನಾನು. ನೀವು ಕೇಳಲಿಲ್ಲ, ಇರಲಿ.

ಹೇಳದೆ ಬಸ್ಸಿಗೆ ಹೋಗಿಬಿಡೋಣವೆಂದು ಬಾಗಿಲವರೆಗೆ ಹೋಗಿದ್ದೆ. ಮನಸ್ಸು ತಡೆಯಲಿಲ್ಲ. ರೆಕ್ಕೆಯನ್ನು ಅನ್ನದ ಪಾತ್ರೆಯ ಹಬೆಗೆ ಹಿಡಿದು, ಹಿಂದಕ್ಕೆ ತಿರುಚಿ ಸರಿ ಮಾಡಿದ್ದೇನೆ. ಮಣೆಯ ಕೆಳಗಿದೆ, ನಾಳೆವರೆಗೆ ಮುಟ್ಟಬೇಡಿ. ಬಾಲ ಭಾರವಾಗಿದೆ, ಬ್ಯಾಟರಿಯನ್ನು ಇನ್ನಷ್ಟು ಮೂತಿಯ ಕಡೆ ಸರಿಸಿ. ಸಾರು ಬಿಸಿ ಮಾಡಿಕೊಳ್ಳಿ.

ಚೀಟಿ ಇಷ್ಟಕ್ಕೇ ಮುಗಿಯಬೇಕಿತ್ತು. ಅಷ್ಟರಲ್ಲಿ ಮಹಾಲಕ್ಷ್ಮಿ ಬೇಲಿಯಾಚೆಯಿಂದ ಕೂಗಿದಳು.

"ಅಕ್ಕಾ, ಹೊಸನಗರಕ್ಕೆ ಹೊರಟ್ರಾ? ಭಾನುವಾರ ವಿಮಾನ ಎಸೆಯೋದು ನಾನಂತೆ. ಭಾವ ಹೇಳಿದ್ರು."

ಮೂರು ವರ್ಷದಿಂದ ಕಾರ್ಗಲ್ಲಿನ ಬಯಲಲ್ಲಿ ಸೆರಗು ಸಿಕ್ಕಿಸಿಕೊಂಡು ಓಡಿ ಓಡಿ ಅದನ್ನು ಗಾಳಿಗೆ ಬಿಟ್ಟವಳು ನಾನು.

"ಧಾರಾಳವಾಗಿ ಎಸಿಯೇ" ಎಂದೆ.

"ನೀವು ಬರೋದು ಯಾವಾಗ?"

"ತಂಗಿ ಸೀಮಂತ ಮುಗಿಸ್ಕೊಂಡು ಸೋಮವಾರ."

ಒಳಗೆ ಬಂದು, ವಿಮಾನದ ಮೂತಿಯ ಫ್ಯಾನು ಬಿಚ್ಚಿ, ನನ್ನ ಚೀಲದಲ್ಲಿ ತಂಗಿಯ ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡಿದ್ದೇನೆ.