ಅಂಟುವುದಿಲ್ಲ ಎಂದು ಬರೆದುಕೊಡುವವರು ಯಾರು?

ಆ ಕುರ್ಚಿಯಲ್ಲಿ ಈ ತಿಂಗಳು ಕೂತಿರುವ ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಹೆಂಡತಿ ನರಸಿಂಹಮ್ಮ ಹನ್ನೊಂದು ವರ್ಷ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದಳು. ಈಗ ಬೇಯಿಸುತ್ತಿಲ್ಲ. ಅವಳ ಕೈಕಾಲು ಗಟ್ಟಿಯಾಗಿವೆ, ಸಾಂಬಾರಿನ ಹದವೂ ಮರೆತಿಲ್ಲ. ಅವಳ ಮೈಮೇಲೆ ತುರಿಸುವ ದದ್ದಾಗಿ ಏಳುವ ಗಂಧೆ ಇನ್ನೊಬ್ಬರಿಗೆ ಅಂಟುವುದಿಲ್ಲ ಎಂಬ ಒಂದು ಸಾಲನ್ನು ತಮ್ಮ ಇಲಾಖೆಯ ಯಾವ ವೈದ್ಯರೂ ಬರೆದುಕೊಡಲಿಲ್ಲ; ಅದಕ್ಕೇ ಕೆಲಸ ಹೋಯಿತು. ನನ್ನ ದೂರು ಇಷ್ಟೇ. ಕಚೇರಿಗೆ ಕೊಟ್ಟ ಮೂರು ಅರ್ಜಿಗಳಿಗೆ ಸ್ವೀಕೃತಿಯ ಮೊಹರು ಬಿದ್ದಿದೆ. ಮೊಹರು ಬಹಳ ಸ್ಪಷ್ಟವಾಗಿದೆ. ಉತ್ತರ ಬಂದಿಲ್ಲವಾದ್ದರಿಂದ ಹೀಗೆ ಎಲ್ಲರೆದುರು ಬರೆಯುತ್ತಿದ್ದೇನೆ.

ಮಧುಗಿರಿಯಿಂದ ಪಾವಗಡದ ಕಡೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮೂರು. ನಾನು ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ. ಹೋದ ವರ್ಷ ಯುಗಾದಿ ಕಳೆದ ಮೇಲೆ ನರಸಿಂಹಮ್ಮನ ಮೊಣಕೈ ಹತ್ತಿರ ತುರಿಕೆ ಶುರುವಾಯಿತು. ಕೆಂಪಗೆ ದದ್ದು ಏಳುವುದು, ಬೆನ್ನಿಗೆ, ಹೊಟ್ಟೆಗೆ ಹರಡುವುದು, ಸಂಜೆಯ ಹೊತ್ತಿಗೆ ಗುರುತೇ ಇಲ್ಲದಂತೆ ಮಾಯವಾಗುವುದು. ಮಾರನೆಯ ದಿನ ಇನ್ನೊಂದು ಕಡೆ. ಪಿತ್ತ ಅಂದರು. ಕಂಬಳಿ ಹೊದಿಸಿದೆವು, ದೊಡ್ಡಪತ್ರೆ ರಸ ಸವರಿದೆವು. ಎರಡು ತಿಂಗಳಾದರೂ ಹೋಗಲಿಲ್ಲ. ಒಂದು ಮಧ್ಯಾಹ್ನ ಶಾಲೆಯಲ್ಲಿ ಬಡಿಸುವಾಗಲೇ ಎರಡೂ ಕೈ ತುಂಬ ದದ್ದು ಎದ್ದವು. ಮಕ್ಕಳು ಮನೆಗೆ ಹೋಗಿ ಹೇಳಿದರು. ಮರುದಿನ ಬೆಳಿಗ್ಗೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ದಾಸಯ್ಯ ನಮ್ಮ ಜಗಲಿಯ ಮೇಲೆ ಕೂತಿದ್ದರು.

"ನಿಂದೇನ್ ತಪ್ಪಿಲ್ಲ ಕಣಮ್ಮ. ಆದ್ರೆ ಮಕ್ಳ ವಿಷ್ಯ ನೋಡು. ಇದು ಅಂಟೋದಲ್ಲ ಅಂತ ಸರ್ಕಾರಿ ಡಾಕ್ಟ್ರತ್ರ ಒಂದು ಕಾಗ್ದ ತಂದ್ಬುಡು, ನಾಳೆನೇ ಒಲೆ ಹಚ್ಚು" ಎಂದರು.

"ಒಂದು ಕಾಗ್ದ ತಾನೇ, ತರ್ತೀನಿ ಬುಡಣ್ಣ" ಅಂದಳು ನರಸಿಂಹಮ್ಮ. ಕಾಗದವೆಂದರೆ ಏನೆಂದು ಅವಳಿಗೆ ಆಗ ಗೊತ್ತಿರಲಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವೈದ್ಯರು ವಾರಕ್ಕೆ ಮೂರು ದಿನ ಬರುತ್ತಾರೆ. ಬಂದ ದಿನ ನೂರು ಜನ ಸಾಲಿನಲ್ಲಿರುತ್ತಾರೆ. ಆ ಯುವ ವೈದ್ಯರನ್ನು ನಾನು ದೂರುವುದಿಲ್ಲ. ಒಬ್ಬರಿಗೆ ಎರಡು ನಿಮಿಷ ಕೊಟ್ಟರೆ ಅವರಾದರೂ ಏನು ಕೇಳಲು ಸಾಧ್ಯ? ಎಷ್ಟು ವಾರದಿಂದ ಇದೆ, ಒಂದು ದದ್ದು ಎಷ್ಟು ಹೊತ್ತು ಇರುತ್ತದೆ, ಯಾವುದನ್ನೂ ಕೇಳಲಿಲ್ಲ. ದದ್ದು ನೋಡಿದರು, ಚೀಟಿಯಲ್ಲಿ 'ಚರ್ಮರೋಗ' ಎಂದು ಬರೆದರು, ಇಂಜೆಕ್ಷನ್ನಿಗೆ ಕಳಿಸಿದರು. ಆ ಒಂದು ಪದ ಶಾಲೆ ಮುಟ್ಟುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಅಂಟುವುದಿಲ್ಲ ಎಂದು ಬರೆಸಿಕೊಂಡು ಬರಲು ಎರಡು ದಿನ ಬಿಟ್ಟು ಮತ್ತೆ ಕರೆದೊಯ್ದೆ. ಇಂಜೆಕ್ಷನ್ನಿನ ದಯೆಯಿಂದ ಮೈ ಅಂದು ನುಣ್ಣಗಿತ್ತು.

"ಈಗ ಏನೂ ಕಾಣಿಸ್ತಿಲ್ವಲ್ಲ. ಇಲ್ಲದೇ ಇರೋದಕ್ಕೆ ನಾನು ಏನಂತ ಬರೆದುಕೊಡ್ಲಿ?" ಎಂದರು ವೈದ್ಯರು.

"ಇದ್ದಾಗ ಬಂದ್ರೆ ಚರ್ಮರೋಗ ಅಂತ ಬರೀತೀರಿ ಸಾಮಿ, ಹೋದಾಗ ಬಂದ್ರೆ ಏನೂ ಬರಿಯಕಾಗಲ್ಲ ಅಂತೀರಿ. ನಾನು ಯಾವಾಗ ಬರ್ಲಿ?" ಎಂದಳು ನನ್ನ ಹೆಂಡತಿ.

ಅವರು ಮುಂದಿನವರನ್ನು ಕರೆದರು. ಮಾನ್ಯರೇ, ಆ ಪ್ರಶ್ನೆಯನ್ನು ಈಗ ತಮ್ಮ ಮೇಜಿನ ಮೇಲೆ ಇಡುತ್ತಿದ್ದೇನೆ. ಹೊತ್ತಿಗೊಮ್ಮೆ ಎದ್ದು ಹೊತ್ತಿಗೊಮ್ಮೆ ಅಡಗುವುದೇ ಈ ಕಾಯಿಲೆಯ ಗುಣವಾದರೆ, ಅದು ತಮ್ಮ ಕೇಂದ್ರದ ಬಾಗಿಲು ತೆರೆದಿರುವ ಮೂರು ದಿನಗಳನ್ನು ಹೇಗೆ ತಿಳಿದುಕೊಳ್ಳಬೇಕು?

ಆಮೇಲೆ ಇಂಜೆಕ್ಷನ್ನೇ ಗತಿಯಾಯಿತು. ಹಾಕಿಸಿದರೆ ನಾಲ್ಕು ದಿನ ಸುಖ, ಐದನೆಯ ದಿನ ಎರಡರಷ್ಟು ತುರಿಕೆ. ಕೇಂದ್ರದಲ್ಲಿ ಹಾಕದ ದಿನ ಹೊರಗಿನ ಕ್ಲಿನಿಕ್ಕಿನಲ್ಲಿ ಹಾಕಿದರು. ಅದರಲ್ಲಿ ಸ್ಟೀರಾಯ್ಡ್ ಇದೆ ಎಂದು ಎಂಟು ತಿಂಗಳಲ್ಲಿ ಒಬ್ಬರೂ ಬಾಯಿಬಿಡಲಿಲ್ಲ. ಜೊತೆಗೆ ಕೊಟ್ಟ ಹಳದಿ ಮಾತ್ರೆ ನುಂಗಿ ಅವಳು ಹಗಲೆಲ್ಲ ತೂಕಡಿಸುವಳು. ಮುಖ ಊದಿಕೊಂಡಿತು. "ಚೆನ್ನಾಗಿ ಮೈ ಹಿಡ್ದಿದ್ದೀಯ ಬುಡು" ಎಂದು ಪಕ್ಕದ ಮನೆಯ ಕೆಂಚಮ್ಮ ಸಂತೋಷಪಟ್ಟರು. ಯಾರದೋ ಮಾತು ಕೇಳಿ ನಾನೇ ಪಟ್ಟಣದ ಲ್ಯಾಬಿನಲ್ಲಿ ಅಲರ್ಜಿಯ ರಕ್ತ ಪರೀಕ್ಷೆ ಮಾಡಿಸಿದೆ. ರಾಗಿ, ತೊಗರಿ, ಕಡ್ಲೆಕಾಯಿ, ಬದನೆಕಾಯಿ ಎಲ್ಲಕ್ಕೂ ಕೆಂಪು ಗುರುತು ಬಂತು. ನಮ್ಮ ಸೀಮೆಯಲ್ಲಿ ಇವಿಷ್ಟು ಬಿಟ್ಟರೆ ತಿನ್ನುವುದಕ್ಕೆ ಏನು ಉಳಿಯಿತು? ಅವಳು ಮೂರು ತಿಂಗಳು ಬರೀ ಅನ್ನ ಮಜ್ಜಿಗೆ ಉಂಡಳು. ಗಂಧೆ ಮಾತ್ರ ತನ್ನ ಪಾಡಿಗೆ ಏಳುತ್ತಲೇ ಇತ್ತು.

ಕೊನೆಗೆ ತುಮಕೂರಿನಲ್ಲಿ ಒಬ್ಬ ಚರ್ಮವೈದ್ಯೆ ನಮಗೆ ಹದಿನೈದು ನಿಮಿಷ ಕೊಟ್ಟರು. ಪೆನ್ನಿನ ಮುಚ್ಚಳದಿಂದ ನರಸಿಂಹಮ್ಮನ ತೋಳಿನ ಮೇಲೆ ಒಂದು ಗೆರೆ ಎಳೆದರು. ಮಾತಾಡುತ್ತಿದ್ದಂತೆ ಆ ಗೆರೆ ಉಬ್ಬಿ ಬಂತು. "ನೋಡಿ ಅಮ್ಮ, ಆರು ವಾರಕ್ಕಿಂತ ಹೆಚ್ಚು ದಿನ ಹೀಗೆ ಬಂದು ಹೋಗ್ತಿದ್ರೆ ಸಾಮಾನ್ಯವಾಗಿ ಊಟದಿಂದ ಬರೋದಲ್ಲ. ನಿಮ್ಮ ದೇಹವೇ ಒಳಗಿಂದ ಎಬ್ಬಿಸ್ತಿದೆ. ಯಾರಿಗೂ ಅಂಟಲ್ಲ. ಎಲ್ಲಾ ತಿನ್ನಿ" ಎಂದರು. ತೂಕಡಿಕೆ ತರದ ಮಾತ್ರೆಯನ್ನು ತುರಿಕೆ ಇರಲಿ ಇಲ್ಲದಿರಲಿ ದಿನವೂ ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು ಎಂದರು; ಸಾಲದಿದ್ದರೆ ಪ್ರಮಾಣವನ್ನು ತಾವೇ ಹೆಚ್ಚಿಸುವುದಾಗಿ ಹೇಳಿ, ಆ ಇಂಜೆಕ್ಷನ್ ಮಾತ್ರ ಇನ್ನು ಬೇಡವೆಂದರು. ಅಷ್ಟರಲ್ಲಿ ಮೂಲೆಯಲ್ಲಿದ್ದ ನಾನು ಒಂದೇ ಸಮ ಸೀನುತ್ತಿದ್ದೆ. ಗ್ರಂಥಾಲಯದ ಧೂಳಿಗೆ ಆರು ವರ್ಷದಿಂದ ಹೀಗೆ. ತಮ್ಮ ಕೇಂದ್ರದಲ್ಲಿ ಪ್ರತಿ ಸಲವೂ ಐದು ದಿನದ ಆ್ಯಂಟಿಬಯಾಟಿಕ್ ಕೊಟ್ಟಿದ್ದರು, ಎರಡು ಸಲ ಕಫವನ್ನು ಕ್ಷಯದ ಪರೀಕ್ಷೆಗೂ ಕಳಿಸಿದ್ದರು. "ಜ್ವರ ಇಲ್ಲ, ಮೂಗು ಕಣ್ಣು ತುರಿಸುತ್ತೆ, ನೀರು ಸುರಿಯುತ್ತೆ ಅಂದ್ರೆ ನಿಮ್ಮದೂ ಅಲರ್ಜಿನೇ" ಎಂದು ಆಕೆ ನಕ್ಕು, ಮೂಗಿಗೆ ದಿನಾ ಹೊಡೆದುಕೊಳ್ಳುವ ಸ್ಪ್ರೇ ಬರೆದುಕೊಟ್ಟರು. ಎರಡು ವಾರದಲ್ಲಿ ಹಳೆಯ ಪುಸ್ತಕಗಳ ವಾಸನೆ ನನಗೆ ತಿಳಿಯಿತು.

ನರಸಿಂಹಮ್ಮನ ಗಂಧೆಯೂ ಎರಡು ತಿಂಗಳಲ್ಲಿ ಹತೋಟಿಗೆ ಬಂತು. ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಆ ವೈದ್ಯೆ ಕೊಟ್ಟ ಕಾಗದವನ್ನು ಶಾಲೆಗೆ ಒಯ್ದೆ. ಖಾಸಗಿಯವರದು ನಡೆಯುವುದಿಲ್ಲ, ಸರ್ಕಾರಿ ಮೊಹರು ಬೇಕು ಅಂದರು. ತಮ್ಮ ಕೇಂದ್ರಕ್ಕೆ ಹೋದರೆ ಹಳೆಯ ವೈದ್ಯರು ವರ್ಗವಾಗಿದ್ದರು, ಹೊಸಬರು ಬಂದಿರಲಿಲ್ಲ. ಅಷ್ಟು ಹೊತ್ತಿಗೆ ಶಾಲೆಯಲ್ಲಿ ಬೇರೆಯವರು ಒಲೆ ಹಚ್ಚಿದ್ದರು. ಅವರದೂ ಹೊಟ್ಟೆಪಾಡು; ಅವರನ್ನು ಎಬ್ಬಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ. ಕೇಂದ್ರದಲ್ಲಿ ಆ ಮಾತ್ರೆ ಒಂದು ತಿಂಗಳು ಇದ್ದರೆ ಎರಡು ತಿಂಗಳು ಇರುವುದಿಲ್ಲ. ಮೂಗಿನ ಸ್ಪ್ರೇ ಬಂದಿದ್ದೇ ಇಲ್ಲ. ಗಂಧೆ ಹೋಯಿತು, ಆ ಸ್ಟೀರಾಯ್ಡ್ ತಂದಿಟ್ಟ ಸಕ್ಕರೆ ಕಾಯಿಲೆ ಉಳಿಯಿತು. ಇಂಜೆಕ್ಷನ್ ನಿಲ್ಲಿಸಿದ ಮೇಲೂ ಅದು ಇಳಿದಿಲ್ಲ. ಅದಕ್ಕೆ ಮಾತ್ರ ತಮ್ಮಲ್ಲಿ ಗುಳಿಗೆ ತಪ್ಪದೆ ಸಿಗುತ್ತದೆ. ಧನ್ಯವಾದ.

ಹೋದ ತಿಂಗಳು ನಮ್ಮ ಬೀದಿಯಲ್ಲೊಂದು ಸೀಮಂತವಿತ್ತು. ಊರಿನ ಯಾವ ಕಾರ್ಯವಾದರೂ ಬಡಿಸುವುದಕ್ಕೆ ಎಲ್ಲರಿಗಿಂತ ಮೊದಲು ನಿಲ್ಲುತ್ತಿದ್ದವಳು ಅಂದೂ ಸೆರಗು ಸಿಕ್ಕಿಸಿ ಎದ್ದಳು. ಯಾರೋ ಬಹಳ ಮರ್ಯಾದೆಯಿಂದ "ನೀನು ಕುಂತ್ಕಳಮ್ಮ, ಸುಸ್ತಾಗ್ತೀಯ" ಎಂದು ಸೌಟನ್ನು ಅವಳ ಕೈಯಿಂದ ತೆಗೆದುಕೊಂಡರು. ಅವಳು ಊಟಕ್ಕೆ ಕೂರದೆ ಮನೆಗೆ ಬಂದಳು.

ಗಂಧೆ ಎಷ್ಟು ವಾರದಿಂದ ಇದೆ ಎಂದು ಕೇಳುವ ಅಭ್ಯಾಸವನ್ನು ತಮ್ಮ ವೈದ್ಯರಿಗೆ ಕಲಿಸಿ, ವಾರವಾರ ಸ್ಟೀರಾಯ್ಡ್ ಚುಚ್ಚುವುದನ್ನು ನಿಲ್ಲಿಸಿ, ಆ ಮಾತ್ರೆ ಮತ್ತು ಸ್ಪ್ರೇ ತಪ್ಪದೆ ಕೊಡಿ ಎಂದು ಅರ್ಜಿಯಲ್ಲಿ ಕೇಳಿದ್ದೆ. ಅದು ಆಗುತ್ತದೆಂಬ ನಂಬಿಕೆ ಈಗ ನನಗಿಲ್ಲ. ಹಾಗಾಗಿ ಕೇಳುವುದನ್ನು ಒಂದೇ ಸಾಲಿಗೆ ಇಳಿಸಿದ್ದೇನೆ. 'ನರಸಿಂಹಮ್ಮನಿಗೆ ಇದ್ದ ಕಾಯಿಲೆ ಅಂಟುವಂಥದ್ದಲ್ಲ' ಎಂದು ಬರೆದು, ತಮ್ಮ ಕಚೇರಿಯ ಆ ಸ್ಪಷ್ಟವಾದ ಮೊಹರನ್ನು ಒತ್ತಿ ಕಳಿಸಿ.

"ಕಾಗ್ದ ಬಂದ್ರೂ ಇನ್ನ ಯಾರೂ ನನ್ ಕೈಲಿ ಉಣ್ಣಲ್ಲ. ಸುಮ್ನಿರಿ" ಅನ್ನುತ್ತಾಳೆ ಅವಳು. ಇರಬಹುದು. ಆದರೂ ಕಳಿಸಿ. ಗ್ರಂಥಾಲಯದ ಗೋಡೆಗೆ ಅಂಟಿಸುತ್ತೇನೆ. ಈ ಊರಿನಲ್ಲಿ ಕಾಗದ ಅಂಟಿಸಲು ನನಗೆ ಅಧಿಕಾರವಿರುವ ಗೋಡೆ ಅದೊಂದೇ.

ಇಂತಿ, ನಾಲ್ಕನೆಯ ಅರ್ಜಿಗೂ ಮೊಹರು ಮಾತ್ರ ಸಿಗಬಹುದೆಂದು ತಿಳಿದೇ ಬರೆದಿರುವ,
ಪರ್ವತಯ್ಯ
ಗ್ರಂಥಾಲಯ ಮೇಲ್ವಿಚಾರಕ, ಒಬ್ಬ ಮಾಜಿ ಅಡುಗೆಯವಳ ಗಂಡ