ಪಂಚಮಿಗೆ ಹೊರಹಾಕಿದ ಗುಳಿಗೆ

ಗೋಪನಕೊಪ್ಪ, ಹುಬ್ಬಳ್ಳಿ
೪ ಡಿಸೆಂಬರ್ ೨೦೨೫, ಗುರುವಾರ

ಪ್ರೀತಿಯ ಆರತಿಗೆ ಅಪ್ಪನ ಆಶೀರ್ವಾದ.

ಹೇಗಿದ್ದೀ ಯವ್ವಾ? ಎಂಟನೇ ತಿಂಗಳು ಹಿಡಿಯಿತು, ಕಾಲಿನ ಬಾವು ಇಳಿಯಿತೇ? ವಡೋದರಾದ ಡಾಕ್ಟರು ಮಲಗಿಯೇ ಇರು ಎಂದರೆ ಮಲಗಿಯೇ ಇರು. ನಿನ್ನ ಹಟ ನನಗೆ ಗೊತ್ತಿಲ್ಲದ್ದೇನಲ್ಲ, ನನ್ನಿಂದಲೇ ಬಂದದ್ದು. ಅವ್ವನ ಮಣ್ಣಿಗೆ ಬರಲಾಗಲಿಲ್ಲ ಎಂದು ಕೊರಗಬೇಡ. ಇಪ್ಪತ್ತು ದಿನವಾಯಿತು, ನೀನು ನನ್ನ ಫೋನ್ ಎತ್ತಿಲ್ಲ. ಕುಮಾರಸ್ವಾಮಿಯವರು ಪ್ರತಿ ಸಲ ‘ಮಲಗ್ಯಾಳ್ರಿ ಮಾವಾರ’ ಎನ್ನುತ್ತಾರೆ. ಪಾಪ, ಅಳಿಯನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದಕ್ಕೇ ಈ ಕಾಗದ.

ನಿನ್ನ ಸಿಟ್ಟು ಖರೇ ಇದೆ. ಬೇರೆಯವರು ಏನೇನು ಹೇಳಿದರೋ ಗೊತ್ತಿಲ್ಲ, ನಡೆದದ್ದನ್ನು ನಾನೇ ಬರೆಯುತ್ತೇನೆ. ಅವ್ವನ ಕುತ್ತಿಗೆಯ ಗಂಟಿನ ಕ್ಯಾನ್ಸರಿಗೆ ಔಷಧದ ಸಲೈನ್ ಹಚ್ಚುವ ಮೊದಲೇ ರಕ್ತ ನೋಡಿದ ಡಾಕ್ಟರು, ಮೈಯೊಳಗೆ ಮೊದಲಿನಿಂದಲೂ ಹೆಪಟೈಟಿಸ್ ಬಿ ಅಡಗಿ ಕೂತಿದೆ, ಕ್ಯಾನ್ಸರಿನ ಔಷಧಕ್ಕೆ ಮೈ ಬಲ ಕಳೆದುಕೊಂಡಾಗ ಎದ್ದು ಬರುತ್ತದೆ ಎಂದರು. ಅದನ್ನು ಅದುಮಿ ಹಿಡಿಯಲು ಒಂದು ಸಣ್ಣ ಗುಳಿಗೆ ಕೊಟ್ಟರು. ಖಾಲಿ ಹೊಟ್ಟೆಯಲ್ಲೇ ನುಂಗಬೇಕು. ನಿನ್ನ ಅವ್ವ ನಗುತ್ತಿದ್ದಳು: ‘ಈ ಗುಳಿಗಿ ಗತ್ತು ನೋಡ್ರಿ, ನಮ್ಮ ಅತ್ತಿ ಇದ್ದಂಗ ಐತಿ. ಎರಡು ತಾಸು ಚಾ ಸೈತ ಕುಡ್ಯಾಕ ಬಿಡಂಗಿಲ್ಲ.’ ಆದರೂ ಒಂದು ದಿನವೂ ತಪ್ಪಿಸಲಿಲ್ಲ.

ಜುಲೈನಲ್ಲಿ ಕ್ಯಾನ್ಸರ್ ಹೋಗಿದೆ ಎಂದರು. ನನ್ನ ಕಿವಿಗೆ ಬಿದ್ದದ್ದು ಅದೊಂದೇ ಮಾತು. ಸಣ್ಣ ಗುಳಿಗೆ ಇನ್ನೂ ಒಂದೂವರೆ ವರ್ಷ ಬೇಕು ಎಂದು ಡಾಕ್ಟರು ಫೈಲಿನಲ್ಲಿ ಬರೆದೂ ಕೊಟ್ಟಿದ್ದರು. ನಾನು ಹಾಳೆ ತಿರುವಲಿಲ್ಲ. ಹತ್ತು ದಿನಕ್ಕೆ ಪಂಚಮಿ. ಬಸುರಿ ಮಗಳು ತವರಿಗೆ ಬರುವ ಮುಂಚೆ ಜಡ್ಡಿನ ಸಾಮಾನು ಮನೆಯಲ್ಲಿ ಇರಬಾರದಲ್ಲ, ಹಳೇ ಚಾದರ, ಬಾಟಲಿ, ಚೀಟಿ ಎಲ್ಲ ಚೀಲಕ್ಕೆ ತುಂಬಿದೆವು. ಅವ್ವ ಕೈಯಲ್ಲಿ ಆ ಡಬ್ಬಿ ಹಿಡಿದು ನಿಂತಳು. ‘ಇದನ್ನೂ ಹಾಕೂದೇನ್ರಿ?’ ಎಂದಳು. ‘ಜಡ್ಡ ಹೋತು, ಇನ್ನ ಅದರದೇನ ಕೆಲಸ? ಹಾಕ’ ಎಂದೆ. ಕಸದ ಗಾಡಿಗೆ ನಾನೇ ಒಯ್ದು ಕೊಟ್ಟೆ.

ನೀನು ಬಂದವಳೇ ಕೇಳಿದ್ದೆ, ‘ಗುಳಿಗಿ ಎಲ್ಲಾ ಮುಗದುವೇನ ಅಪ್ಪಾ?’ ಎಂದು. ‘ಎಲ್ಲಾ ಮುಗದಾವು’ ಎಂದೆನಲ್ಲ ಆರತಿ, ಎದೆ ಉಬ್ಬಿಸಿಕೊಂಡು! ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿದವನು. ಒಂದು ಬೋಲ್ಟ್ ಬಿಚ್ಚಬೇಕಾದರೂ ಸಾಹೇಬರನ್ನು ಕೇಳುತ್ತಿದ್ದೆ. ಇದನ್ನು ಮಾತ್ರ ಯಾರನ್ನೂ ಕೇಳಲಿಲ್ಲ.

ದೀಪಾವಳಿಗೆ ಅವಳ ಕಣ್ಣು ಹಳದಿಯಾದವು. ದವಾಖಾನೆಯಲ್ಲಿ ಅದೇ ಗುಳಿಗೆ ಮತ್ತೆ ಶುರು ಮಾಡಿದರು, ಅಷ್ಟರಲ್ಲಿ ಲಿವರ್ ಕೈಬಿಟ್ಟಿತ್ತು. ಮಾತು ನಿಲ್ಲುವ ಹಿಂದಿನ ದಿನ, ‘ನಾನೂ ಹೂಂ ಅಂದೇನ್ರಿ, ನಿಮ್ಮೊಬ್ಬರದ ತಪ್ಪಲ್ಲ’ ಎಂದಳು. ಅಂಥ ಹೊತ್ತಿನಲ್ಲೂ ನನ್ನನ್ನೇ ಸಂತೈಸಿದಳು. ನನಗೆ ಅದು ಸಹಿಸಲಾಗುತ್ತಿಲ್ಲ ಯವ್ವಾ. ನಿನ್ನ ಕುಬಸಕ್ಕೆ ಉಡಿ ತುಂಬಲೆಂದು ತಂದ ಹಸಿರು ಇಳಕಲ್ ಸೀರೆ ಟ್ರಂಕಿನಲ್ಲಿದೆ, ಮಡಿಕೆ ಬಿಚ್ಚಿಲ್ಲ.

ನಿಮ್ಮ ಅತ್ತೆಯವರಿಗೆ ನನ್ನ ಶರಣು ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ಹೆತ್ತು ಹಗುರಾಗು, ನೂರು ಕಾಲ ಬಾಳು.

ನಿನ್ನ ಅಪ್ಪ,
ಸಿದ್ದಲಿಂಗಪ್ಪ

ತಾ.ಕ.: ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ. ಅವ್ವನ ಕಾಗದಪತ್ರ ತರಲು ಈಗಷ್ಟೇ ದವಾಖಾನೆಗೆ ಹೋಗಿದ್ದೆ. ‘ಮಗಳ ರಕ್ತ ನೋಡಿಸೀರೇನ್ರಿ?’ ಎಂದು ಡಾಕ್ಟರು ಕೇಳಿದರು. ಈ ಹೆಪಟೈಟಿಸ್ ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರುವ ಜಡ್ಡಂತೆ, ಅವ್ವನಿಂದ ನಿನಗೂ ಬಂದಿರಬಹುದಂತೆ. ಬಸುರಿನ ಪರೀಕ್ಷೆಯಲ್ಲಿ ಇದನ್ನೂ ನೋಡಿರಬಹುದು, ಚೀಟಿ ತೆಗೆದು ನೋಡು. ಇಲ್ಲದಿದ್ದರೆ ನಾಳೆಯೇ ಮಾಡಿಸು. ಅಳಿಯನಿಗೂ ಈಗ ಫೋನ್ ಮಾಡುತ್ತೇನೆ. ನಿನಗಿದ್ದರೂ ಹೆದರಬೇಡ, ಕೂಸು ಹುಟ್ಟಿದ ಹನ್ನೆರಡು ತಾಸಿನೊಳಗೆ ಇಂಜೆಕ್ಷನ್ ಕೊಟ್ಟರೆ ಬಹುತೇಕ ಕೂಸಿಗೆ ತಗಲುವುದಿಲ್ಲವಂತೆ. ನಿನಗೂ ಗುಳಿಗೆ ಕೊಡಬಹುದು. ಕೊಟ್ಟರೆ ಡಾಕ್ಟರು ಸಾಕೆನ್ನುವ ತನಕ ಒಂದು ದಿನವೂ ಬಿಡಬೇಡ. ನನ್ನ ಮೇಲಿನ ಸಿಟ್ಟು ಎಷ್ಟು ದಿನ ಬೇಕಾದರೂ ಇರಲಿ. ಗುಳಿಗೆ ಮುಗಿದವೇ ಎಂದು ಮಾತ್ರ ಇನ್ನು ನನ್ನನ್ನು ಕೇಳಬೇಡ.