ಶಾಲೆಯ ತೂಕದ ಮಷೀನು ಒಡೆದವಳು ನಾನೇ

ಮಾನ್ಯ ಶಾಲಾ ಆರೋಗ್ಯಾಧಿಕಾರಿಗಳೇ,

ನಿಮ್ಮ ಸುತ್ತೋಲೆ ನನ್ನ ಮೊಮ್ಮಗಳ ಕಾಲಿನ ಮೇಲೆ ಏಳು ಬಾಸುಂಡೆಗಳಾಗಿ ಅಚ್ಚಾಗಿದೆ. ಅವಳಿಗೆ ಹದಿಮೂರು ವರ್ಷ. ನಿಮ್ಮ ಭಾಷೆಯಲ್ಲಿ 'ಅಧಿಕ ತೂಕದ ಫಲಾನುಭವಿ'.

ದಪ್ಪ ಮಕ್ಕಳು ದಿನಾ ಓಡಲಿ ಎಂದಿರಿ. ಅದಕ್ಕೆ ನನ್ನ ತಕರಾರಿಲ್ಲ. ಮರಗೆಲಸದ ಅಂಗಡಿ ನಡೆಸುವವಳು ನಾನು. ಮೈ ಬಗ್ಗಿಸದವರನ್ನು ಕಂಡರೆ ನನಗೂ ಆಗದು. ಮೊದಲ ವಾರ ಮೈದಾನದ ಅರ್ಧ ಸುತ್ತಿಗೇ ಏದುಸಿರು ಬಿಟ್ಟು ಕೂತ ಮೊಮ್ಮಗಳು ಮೂರನೇ ತಿಂಗಳಿಗೆ ಆರು ಸುತ್ತು ನಿಲ್ಲದೆ ಓಡಿದಳು. ನಾಲ್ಕನೇ ಮಹಡಿಯ ನಮ್ಮ ಮನೆಗೆ ನನಗಿಂತ ಮೊದಲೇ ಹತ್ತಿ, "ಇನ್ನೂ ಎರಡನೇ ಮಹಡೀಲೇ ಇದ್ದೀಯಾ ಅಜ್ಜಿ? ಕುರ್ಚಿ ಕಳಿಸ್ಲಾ?" ಎಂದು ಮೇಲಿಂದ ಅಣಕಿಸುತ್ತಿದ್ದಳು.

ಆದರೆ ನಿಮ್ಮ ನಮೂನೆಯಲ್ಲಿ ಉಸಿರಿಗೆ ಕಾಲಂ ಇಲ್ಲ, ತೂಕಕ್ಕೆ ಮಾತ್ರ ಇದೆ. ತೂಕ ಇಳಿಯದಿದ್ದರೆ ವ್ಯಾಯಾಮ ಶಿಕ್ಷಕರು ಲಿಖಿತ ಕಾರಣ ಕೊಡಬೇಕು. ಕಾರಣ ಬರೆಯುವುದಕ್ಕಿಂತ ಹಗ್ಗ ಬೀಸುವುದು ಸುಲಭವಲ್ಲವೇ? ಸೋಮವಾರ ತೂಕವೆಂದರೆ ಭಾನುವಾರದಿಂದಲೇ ನೀರು ಕುಡಿಯಬಾರದೆಂದು ಅವರ ಅಪ್ಪಣೆ. ಹೋದ ಸೋಮವಾರ ಮುಳ್ಳು ಹಿಂದಿನ ಅಂಕಿಯಲ್ಲೇ ನಿಂತಿತು. ಇಡೀ ಶಾಲೆಯ ಎದುರು, ನಾಲಗೆ ಒಣಗಿದ ಹುಡುಗಿಯನ್ನು ಓಡಿಸುತ್ತ ಸ್ಕಿಪ್ಪಿಂಗ್ ಹಗ್ಗದಿಂದ ಬಾರಿಸಿದರು. ಏಳನೇ ಏಟಿಗೆ ಮುಖ ಅಡಿಯಾಗಿ ಬಿದ್ದಳು. ಮುಂದಿನ ಹಲ್ಲು ಮುರಿದು ಬಾಯೆಲ್ಲ ರಕ್ತ.

ಶಾಲೆಯಿಂದ ಫೋನ್ ಬಂದಾಗ ಕುರ್ಚಿಗೆ ಕಾಲು ಕೂಡಿಸುತ್ತಿದ್ದೆ. ಕೈಯ ಸುತ್ತಿಗೆ ಇಡುವುದನ್ನೂ ಮರೆತು ಓಡಿದೆ.

"ಮೇಲಿನವರ ಆದೇಶ ಅಮ್ಮಾ, ನಾನೇನ್ ಮಾಡ್ಲಿ?" ಎಂದರು ಶಿಕ್ಷಕರು.

"ಹಗ್ಗಾನೂ ಅವರೇ ಕಳಿಸಿದ್ರೇನಪ್ಪಾ?"

ಸುತ್ತಿಗೆ ಎತ್ತಿದ್ದು ಅವರ ತಲೆಗೇ, ಸುಳ್ಳೇಕೆ ಹೇಳಲಿ? ಬಾಯಿಗೆ ಬಟ್ಟೆ ಒತ್ತಿಕೊಂಡು ಬೆಂಚಿನ ಮೇಲಿದ್ದ ಮೊಮ್ಮಗಳು "ಬೇಡ ಅಜ್ಜಿ" ಎಂದಳು. ಏಟು ಪಕ್ಕದ ತೂಕದ ಮಷೀನಿಗೆ ಬಿತ್ತು. ಮೂರೇ ಏಟಿಗೆ ಗಾಜು, ಮುಳ್ಳು, ಸ್ಪ್ರಿಂಗು ಎಲ್ಲ ಕಿತ್ತು ಬಂದವು. ಆಮೇಲೂ ಹೊಡೆದೆ.

ಈಗ ಅವಳು ಓಡುವುದಿಲ್ಲ. ಮೆಟ್ಟಿಲನ್ನು ನನ್ನ ಹಿಂದೆ, ಸದ್ದಿಲ್ಲದೆ ಹತ್ತುತ್ತಾಳೆ. ಇದನ್ನು ಯಾವ ಕಾಲಂನಲ್ಲಿ ತುಂಬುತ್ತೀರಿ?

ಸುತ್ತೋಲೆ ಹಿಂತೆಗೆದುಕೊಳ್ಳಿ. ಓಟ ಇರಲಿ, ಬಾಯಾರಿದರೆ ನೀರಿರಲಿ, ಹಗ್ಗ ಜಿಗಿಯುವುದಕ್ಕಷ್ಟೇ ಇರಲಿ. ಇದನ್ನು ಮೈದಾನಕ್ಕೆ ಬಂದು ಮಕ್ಕಳೆದುರು ನೀವೇ ಹೇಳಿ. ಅದಕ್ಕೆ ಮೊದಲು ಅವರ ಜೊತೆ ಆರು ಸುತ್ತು ಓಡಿ. ಬಿದ್ದರೆ ನಿಮಗೆ ಯಾರೂ ಹೊಡೆಯದಂತೆ ನಾನು ನೋಡಿಕೊಳ್ಳುತ್ತೇನೆ. ಮಷೀನಿನ ಸಲುವಾಗಿ ಪೊಲೀಸರನ್ನು ಕಳಿಸುವುದಾದರೆ ಕಳಿಸಿ. ನಾಲ್ಕನೇ ಮಹಡಿ, ಲಿಫ್ಟಿಲ್ಲ.

ಇಂತಿ,
ಮೆಟ್ಟಿಲಲ್ಲಿ ಹಿಂದೆ ಬಿದ್ದೇ ಸುಖವಾಗಿದ್ದ
ಒಬ್ಬ ಅಜ್ಜಿ